ಹತ್ತು ಅಂಕದ ಪ್ರಶ್ನೆ: ಮಿಷನರಿ ಸೇವೆಯೂ ನಮ್ಮ ಕೇರಿಯೂ

೧

ಎಂ.ಎ. ಪರೀಕ್ಷೆಯಲ್ಲಿ ನಮಗೊಂದು ಪ್ರಶ್ನೆ ಬಂದಿತ್ತು. ‘ಕನ್ನಡಕ್ಕೆ ಕ್ರೈಸ್ತ ಮಿಷನರಿಗಳ ಸೇವೆಯನ್ನು ವಿವರಿಸಿ.’ ಹತ್ತು ಅಂಕ. ಗಟ್ಟು ಮಾಡಿದ್ದನ್ನೆಲ್ಲ ಕಕ್ಕಿದೆ. ೧೮೪೩ರ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. ಅವರೇ ಮುಂದೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದರು. ಫರ್ಡಿನೆಂಡ್ ಕಿಟೆಲ್ ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿದರು. ೧೮೯೪ರಲ್ಲಿ ಅವರ ಕೋಶ ಬಂತು, ಸುಮಾರು ೭೦,೦೦೦ ಪದಗಳದು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಆಸ್ಟಿನ್ ಟೌನಿಗೆ ಕಿಟೆಲ್ ನಗರ ಅಂತ ಹೆಸರಿಟ್ಟಿದ್ದಾರೆ. ಇಷ್ಟು ಬರೆದೆ. ಎಂಟು ಅಂಕ ಬಂತು.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಹಾಗಾಗಿ ರಜೆಗೆ ಊರಿಗೆ ಹೋದರೆ ನಮ್ಮಜ್ಜಿಗೆ ಪರೀಕ್ಷೆಯ ವರದಿ ಒಪ್ಪಿಸಬೇಕು. ಪ್ರಶ್ನೆ ಏನು ಕೇಳಿದರು, ನೀನು ಏನು ಬರೆದೆ, ಎಲ್ಲವೂ ಬೇಕು. ಮಿಷನರಿಗಳ ಬಗ್ಗೆ ಹೇಳಿದಾಗ ಅಜ್ಜಿ ತಟ್ಟನೆ ಅಂದಳು: “ಮಿಸನ್ನಾ? ಮೈಸೂರು ಮಿಸನ್ ಆಸ್ಪತ್ರೇಲಲ್ವೇನ್ಲಾ ನಿಮ್ಮವ್ವನ್ನ ಹೆತ್ತಿದ್ದು ನಾನು. ಆ ನರ್ಸಮ್ಮ ಯಾವ ಕೇರಿ ಅಂತ ಕೇಳ್ನಿಲ್ಲ ಕಣ್ ಮಗ. ಸೀದಾ ಬಂದು ನನ್ ಕೈ ಹಿಡ್ಕಂಡ್ಳು.”

ಇದರ ತೂಕ ಗೊತ್ತಾಗಬೇಕಾದರೆ ಆಗಿನ ನಮ್ಮೂರು ಗೊತ್ತಿರಬೇಕು. ಊರಿನ ಪಂಡಿತರು ಕೇರಿಯವರಿಗೂ ಔಷಧ ಕೊಡುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಜಗಲಿಯ ಮೇಲೆ ನಿಂತು ಪೊಟ್ಟಣವನ್ನು ಕೆಳಗಡೆ ಸೆರಗಿಗೆ ಹಾಕುತ್ತಿದ್ದರು. ನಾಡಿ ನೋಡುವ ಮಾತೇ ಇಲ್ಲ. ಇಪ್ಪತ್ತೈದು ವರ್ಷದ ಹೆಂಗಸಿನ ಕೈಯನ್ನು ಕೇರಿಯ ಹೊರಗಿನ ಒಬ್ಬರು ಹಿಡಿದದ್ದು ಅದೇ ಮೊದಲು. ಅದೂ ಬಯ್ಯುವುದಕ್ಕಲ್ಲ, ಹೊಡೆಯುವುದಕ್ಕಲ್ಲ.

ಎಂಟು ಅಂಕದ ನನ್ನ ಉತ್ತರದಲ್ಲಿ ಆ ಕೈ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದೇ ಈ ಲೇಖನ.

೨

ನಮ್ಮ ಸಾಹಿತ್ಯ ಚರಿತ್ರೆಗಳು ಮಿಷನರಿಗಳನ್ನು ಎರಡು ತುಂಡು ಮಾಡಿಕೊಂಡಿವೆ. ಅಚ್ಚುಮೊಳೆ, ಕೋಶ, ವ್ಯಾಕರಣ ಒಂದು ತುಂಡು. ಇದು ‘ಕನ್ನಡ ಸೇವೆ’, ಹಾರ ಹಾಕಬಹುದು. ಬಾಪ್ತಿಸ್ಮ, ಬೋರ್ಡಿಂಗು, ಕೇರಿ ಇನ್ನೊಂದು ತುಂಡು. ಇದು ‘ಮತಾಂತರ’, ಮುಖ ಗಂಟಿಕ್ಕಬೇಕು. ಮೊದಲ ತುಂಡನ್ನು ಪಂಡಿತರು ತಿಂದರು, ಎರಡನೆಯದನ್ನು ರಾಜಕಾರಣಿಗಳು ಕಚ್ಚಿ ಎಳೆದಾಡುತ್ತಿದ್ದಾರೆ. ಆದರೆ ಆ ಮನುಷ್ಯರು ಹಾಗೆ ಎರಡು ತುಂಡಾಗಿ ಬದುಕಿದ್ದರೇನು? ಪುಸ್ತಕದ ಮಾತಿನ ಜೊತೆ ಆಡುಮಾತನ್ನೂ ಗಾದೆಗಳನ್ನೂ ಸೇರಿಸಿ ಕೋಶ ಕಟ್ಟಿದ ಕಿಟೆಲ್, ೧೮೬೨ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದವರು. ಅವರ ಮಟ್ಟಿಗೆ ಅದೂ ಇದೂ ಒಂದೇ ಕೆಲಸ. ನಂಬಿಕೆಯನ್ನು ಕಿತ್ತು ಆಚೆ ಬಿಸಾಡಿ ಕೋಶವನ್ನು ಮಾತ್ರ ಮನೆಗೆ ತರುವ ನಮ್ಮ ವಿಮರ್ಶೆಗೆ ಏನೆನ್ನಬೇಕು? ತೋಟಿ ಬಾಚಿದ ಚರಂಡಿ ಬೇಕು, ತೋಟಿ ಬೇಡ ಅನ್ನುವ ಬುದ್ಧಿಗೂ ಇದಕ್ಕೂ ಬಹಳ ದೂರವಿಲ್ಲ.

ಇನ್ನೊಂದು ಚಾಳಿಯೂ ಇದೆ. ಮಂಗಳೂರಿನಲ್ಲಿ ೧೮೪೪ರಲ್ಲಿ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದ. ಊರೇ ಎದ್ದು ನಿಂತಿತು. ಆ ಕಥೆ ಪುಸ್ತಕಗಳಲ್ಲಿ ಹೆಸರು ಸಮೇತ ಉಳಿದಿದೆ. ಅದೇ ಕಾಲದಲ್ಲೂ ಆಮೇಲೂ ಕೆಳಜಾತಿಗಳಿಂದ ಬಂದ ನೂರಾರು ಜನರ ಹೆಸರು ನಮ್ಮ ಪಠ್ಯದಲ್ಲಿ ಎಲ್ಲಿವೆ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯನ್ನೇ ನೋಡಿ. ಅಲ್ಲಿಯ ಪಾದ್ರಿ ಜೀವರತ್ನಯ್ಯನ ಜಾತಿಗೆ ಸೇರಬೇಕೋ ಬೇಡವೋ ಎಂದು ತೂಗಾಡುವವನು ಬೆಟ್ಟಳ್ಳಿಯ ದೇವಯ್ಯಗೌಡ. ಅವನು ಕಿಲಸ್ತರ ಜಾತಿಗೆ ಹೋಗಿಬಿಟ್ಟಾನು ಎಂಬ ದಿಗಿಲೇ ಒಂದು ದೊಡ್ಡ ಎಳೆ. ಗುತ್ತಿಯನ್ನೂ ತಿಮ್ಮಿಯನ್ನೂ ಅಷ್ಟು ಜೀವಂತವಾಗಿ ಕಡೆದ ಕುವೆಂಪು ಮೇಲೆ ನನಗೆ ಗೌರವ ಬೆಟ್ಟದಷ್ಟಿದೆ. ಆದರೂ ಕೇಳಬೇಕು ಅನ್ನಿಸುತ್ತೆ: ಗೌಡನ ಮಗನ ಆತ್ಮಕ್ಕೆ ಇಷ್ಟು ಎಳೆದಾಟ ನಡೆಯುವಾಗ ಹೊಲಗೇರಿಯ ಆತ್ಮವನ್ನು ಯಾರಾದರೂ ಕೇಳಿದರಾ? ಕುವೆಂಪು ಇದ್ದ ಲೋಕವನ್ನು ಇದ್ದ ಹಾಗೆ ಬರೆದರು. ಮೇಲಿನವನು ಮತ ಬಿಟ್ಟರೆ ಅದು ‘ಆಧ್ಯಾತ್ಮಿಕ ಬಿಕ್ಕಟ್ಟು’, ನಮ್ಮವನು ಬಿಟ್ಟರೆ ‘ಗಂಜಿಗಾಗಿ’. ಇದು ಲೋಕದ ಮಾತು. ಅದನ್ನು ಪ್ರಶ್ನಿಸಬೇಕಾಗಿದ್ದ ವಿಮರ್ಶಕರೂ ಅದನ್ನೇ ಆಡುತ್ತ ಬಂದರು.

ಗಂಜಿಗಾಗಿ ಹೋದರು ಅಂತಲೇ ಇಟ್ಟುಕೊಳ್ಳೋಣ ಸ್ವಾಮಿ. ಹಸಿದವನು ಗಂಜಿ ಇರುವ ಕಡೆ ಹೋದರೆ ನಾಚಿಕೆಪಡಬೇಕಾದವನು ಹಸಿದವನೋ, ಹಸಿವಿಗೆ ಹಾಕಿದವನೋ?

೩

ಈಗ ಆ ಎರಡನೆಯ ತುಂಡಿಗೆ ಬರೋಣ. ಹಾರ ಹಾಕದೆ, ಕಲ್ಲೂ ಹೊಡೆಯದೆ ನೋಡೋಣ.

ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಇವರು ಹಾಕಿದ ಒಂದು ಷರತ್ತು ಮುಖ್ಯ. ಸಭೆಗೆ ಬರುವವನು ಜಾತಿಯನ್ನು ಹೊರಗೆ ಬಿಟ್ಟು ಬರಬೇಕು. ಇದು ಸುಲಭದ ಮಾತಾಗಿರಲಿಲ್ಲ. ತಮಿಳು ಸೀಮೆಯ ಹಳೆಯ ಸಭೆಗಳಲ್ಲಿ ಮೇಲುಜಾತಿಯ ಕ್ರೈಸ್ತರು ಬೇರೆ ಕೂತು, ಪ್ರಭುಭೋಜನದ ಪಾತ್ರೆಯಿಂದ ಮೊದಲು ಕುಡಿಯುವ ಪದ್ಧತಿ ನಡೆದುಕೊಂಡು ಬಂದಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ೧೮೩೩ರಲ್ಲಿ ಜಾತಿಯನ್ನು ಈಗಿಂದೀಗಲೇ ಬಿಡಬೇಕೆಂದು ಸುತ್ತೋಲೆ ಕಳಿಸಿದಾಗ ತಂಜಾವೂರು ಕಡೆಯ ಸಭೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ದೇವರನ್ನು ಬದಲಾಯಿಸಲು ಒಪ್ಪಿದವರು ಲೋಟ ಬದಲಾಯಿಸಲು ಒಪ್ಪಲಿಲ್ಲ!

ಕೊಡಗಿನಲ್ಲಿ ೧೮೫೦ರ ದಶಕದಲ್ಲಿ ನಡೆದದ್ದನ್ನು ನಮ್ಮ ಪಠ್ಯಗಳು ಹೇಳುವುದಿಲ್ಲ. ಆಳಮಂಡ ಮನೆತನದ ಸೋಮಯ್ಯ ಎಂಬ ಕೊಡವ ಕ್ರೈಸ್ತನಾದ. ಅವನ ಹಿಂದೆಯೇ ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರು ಮೋಗ್ಲಿಂಗ್ ಹತ್ತಿರ ಬಂದರು. ಅವರಿಗಾಗಿ ಆನಂದಪುರ ಎಂಬ ನೆಲೆ ಎದ್ದಿತು, ಕಾಫಿ ತೋಟ ಮಾಡಿದರು. ಕೌಂಡಿನ್ಯರೂ ಅದಕ್ಕೆ ಹೆಗಲು ಕೊಟ್ಟರು. ಅಲ್ಲಿಗೆ ‘ಮಂಗಳೂರ ಸಮಾಚಾರ’ದ ಸಂಪಾದಕನೂ, ಊರನ್ನೇ ಎಬ್ಬಿಸಿದ ಬ್ರಾಹ್ಮಣ ಹುಡುಗನೂ, ಹೆಸರು ಉಳಿಯದ ಹೊಲೆಯರೂ ಒಂದೇ ನೆಲದಲ್ಲಿ ಸೇರಿದ ಹಾಗಾಯಿತು. ಕನ್ನಡ ಪತ್ರಿಕೋದ್ಯಮದ ಪಿತಾಮಹ ಎಂದು ಮೋಗ್ಲಿಂಗರ ಫೋಟೋ ಇಡುತ್ತೀರಲ್ಲ, ಪಕ್ಕದಲ್ಲಿ ಆನಂದಪುರದ ಹೊಲೆಯರನ್ನೂ ನಿಲ್ಲಿಸಿ. ಆಗ ಆ ಫೋಟೋ ಪೂರ್ತಿಯಾಗುತ್ತೆ.

ಹಂಚಿನ ಕಾರ್ಖಾನೆಯ ಕಥೆಯೂ ಹಾಗೇ. ಮಂಗಳೂರು ಹಂಚು ಅಂತ ಎಲ್ಲರೂ ಹೇಳುತ್ತಾರೆ. ೧೮೬೫ರಲ್ಲಿ ಬಾಸೆಲ್ ಮಿಷನ್ ಅದನ್ನು ಯಾಕೆ ಶುರು ಮಾಡಿತು ಅಂತ ಕೇಳುವವರು ಕಡಿಮೆ. ಬಾಪ್ತಿಸ್ಮ ಆದವನಿಗೆ ಮಾರನೆಯ ದಿನ ಗೇಣಿ ಭೂಮಿ ಇಲ್ಲ, ಮನೆ ಇಲ್ಲ, ಕುಲಕಸುಬು ಇಲ್ಲ. ಶೇಂದಿ ಇಳಿಸುತ್ತಿದ್ದ ಬಿಲ್ಲವನಿಗೆ ಶೇಂದಿ ಪಾಪ ಅಂದರೆ ಅವನು ತಿನ್ನುವುದೇನನ್ನು? ಆ ಪ್ರಶ್ನೆಗೆ ಉತ್ತರವಾಗಿ ಮಗ್ಗ ಬಂತು, ಹಂಚು ಬಂತು, ಅಚ್ಚುಕೂಟದ ಕೆಲಸ ಬಂತು. ನಂಬಿಕೆ ಹೊಟ್ಟೆಯ ಲೆಕ್ಕವನ್ನೂ ಹಾಕಬೇಕು ಅಂತ ಅವರಿಗೆ ತಿಳಿದಿತ್ತು. ಹೊಟ್ಟೆಯನ್ನು ಮರೆತು ಮೋಕ್ಷ ಹೇಳುವ ನಮ್ಮ ಮಠಗಳು ಇದನ್ನು ಕಲಿಯಬಹುದು.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅದು ವಿಮರ್ಶೆಯಲ್ಲ, ಭಜನೆ. ಕೂಲಿ ಕೊಡುವವನು, ಇರಲು ಮನೆ ಕೊಡುವವನು, ಪಾಪಪುಣ್ಯ ತೀರ್ಮಾನಿಸುವವನು ಮೂವರೂ ಒಬ್ಬನೇ ಆದಾಗ ಕೂಲಿಯವನ ಬಾಯಿ ಎಷ್ಟು ತೆರೆದೀತು? ಜಮೀನ್ದಾರ ಹೋಗಿ ದಯಾಳು ಧಣಿ ಬಂದ. ದಯೆ ಇರಲಿ, ಧಣಿತನ ಹೋಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಈ ಕಾರ್ಖಾನೆಗಳನ್ನು ಶತ್ರುವಿನ ಆಸ್ತಿ ಎಂದು ವಶಪಡಿಸಿಕೊಂಡು ಬೇರೆಯವರ ಕೈಗೆ ಕೊಟ್ಟಿತು. ಹಂಚು ತಟ್ಟಿದ ಕೈಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಸ್ತಿ ಅವರದಾಗಿರಲಿಲ್ಲವಲ್ಲ.

ಸೇವೆಯಲ್ಲಿ ಎರಡು ಬಗೆ ಕಾಣುತ್ತದೆ. ಒಂದು, ಮೇಲೆ ನಿಂತು ಕೊಡುವುದು. ಇನ್ನೊಂದು, ಪಕ್ಕದಲ್ಲಿ ಕೂತು ಹಂಚಿಕೊಳ್ಳುವುದು. ಯೇಸು ಸಾಯುವ ಹಿಂದಿನ ರಾತ್ರಿ ಊಟದಿಂದೆದ್ದು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಅಂತ ಸುವಾರ್ತೆಯಲ್ಲಿದೆ. ಮುಟ್ಟದೆ ಕಾಲು ತೊಳೆಯುವುದಕ್ಕೆ ಆಗುವುದಿಲ್ಲ. ಕ್ರೈಸ್ತರು ಮಾಡಿದ ಯಾವುದೇ ಒಳ್ಳೆಯ ಕೆಲಸವನ್ನು ಅಳೆಯಲು ನನಗೆ ಈ ಒಂದು ಅಳತೆ ಸಾಕು.

೪

ಈ ಅಳತೆಯಲ್ಲಿ ಇಂದಿನ ಸಭೆಗಳು ಎಲ್ಲಿ ನಿಲ್ಲುತ್ತವೆ? ನಾನು ಕಂಡದ್ದನ್ನು ಹೇಳುತ್ತೇನೆ.

ಹೈಸ್ಕೂಲು ಓದುವಾಗ ಒಂದು ಸಭೆಯವರು ನಡೆಸುತ್ತಿದ್ದ ಹಾಸ್ಟೆಲಿನಲ್ಲಿದ್ದೆ. ಊಟ ಹೊಟ್ಟೆ ತುಂಬ ಹಾಕಿದರು, ಪುಸ್ತಕ ಕೊಟ್ಟರು, ಮತ ಬಿಡು ಅಂತ ಒಂದು ದಿನವೂ ಹೇಳಲಿಲ್ಲ. ಆ ಅನ್ನದ ಋಣ ನನ್ನ ಮೇಲಿದೆ. ಆದರೆ ವರ್ಷಕ್ಕೊಮ್ಮೆ ದಾನಿಗಳು ಬರುವ ದಿನ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಟ್ರಂಕಿನಲ್ಲಿ ಹೊಸ ಅಂಗಿ ಇದ್ದರೂ “ಇವತ್ತು ಹಳೇದೇ ಹಾಕ್ಕೊಳ್ರೋ” ಅನ್ನುತ್ತಿದ್ದರು. ಫೋಟೋ ತೆಗೆಯುತ್ತಿದ್ದರು. ನನ್ನ ಬಡತನಕ್ಕೆ ಅಲ್ಲೊಂದು ಕೆಲಸವಿತ್ತು, ಅದನ್ನು ಹರಿದ ಅಂಗಿಯ ಜೊತೆ ತೊಟ್ಟುಕೊಂಡು ನಿಲ್ಲಬೇಕಿತ್ತು. ಕೊಟ್ಟ ಕೈಯನ್ನು ಮರೆಯಲಾರೆ, ಆ ಸಾಲನ್ನೂ ಮರೆಯಲಾರೆ.

ನಮ್ಮ ದೊಡ್ಡಮ್ಮ ಮದುವೆಯಾದ ಮೇಲೆ ಕ್ರೈಸ್ತಳಾದಳು. ಅವರ ಪಟ್ಟಣದ ಸಭೆಯಲ್ಲಿ ಎಲ್ಲರಿಗೂ ಒಂದೇ ಬಾಗಿಲು. ಬೆಂಚಿಗೆ ಹೆಸರು ಬರೆದಿಲ್ಲ, ಆದರೂ ಯಾರು ಎಲ್ಲಿ ಕೂರಬೇಕು ಅಂತ ಎಲ್ಲರಿಗೂ ಗೊತ್ತು. ದೊಡ್ಡಪ್ಪ ತೀರಿಕೊಂಡಾಗ ಗುಂಡಿ ತೋಡಿದ್ದು ಬೇಲಿಯ ಪಕ್ಕದ ಸಾಲಿನಲ್ಲಿ. “ಈ ಕಡೆ ಜಾಗ ಇದ್ಯಲ್ಲ ಅಯ್ಯೋರೆ” ಅಂದದ್ದಕ್ಕೆ “ನಿಮ್ಮೋರೆಲ್ಲ ಆ ಕಡೇನೆ ಇದಾರಲ್ಲಮ್ಮ” ಅಂದರಂತೆ. ಹಿಂದೂವಾಗಿದ್ದಾಗ ಬೇರೆ ಸುಡುಗಾಡು, ಕ್ರೈಸ್ತಳಾದ ಮೇಲೆ ಬೇರೆ ಸಾಲು. ಅಷ್ಟೇ ಬದಲಾವಣೆ.

ಇದು ಒಂದು ಪಟ್ಟಣದ ಕಥೆಯಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಊರಿನಲ್ಲಿ ಜಾತಿಗೊಂದು ಭಾಗವಾಗುವಂತೆ ನಡುವೆ ಗೋಡೆ ಎಬ್ಬಿಸಿ ದೇವಾಲಯ ಕಟ್ಟಿದ್ದರು. ೧೯೧೦ರಲ್ಲಿ ಆ ಗೋಡೆಯನ್ನು ಕೆಡವಬೇಕಾಯಿತು. ಎರೈಯೂರಿನಲ್ಲಿ ೨೦೦೮ರಲ್ಲಿ ದಲಿತ ಕ್ರೈಸ್ತರು ತಮಗೂ ಸಮಪಾಲು ಕೇಳಿದ್ದಕ್ಕೆ ಬಡಿದಾಟವಾಗಿ, ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ ತನ್ನ ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡು ದಲಿತರ ಬಗ್ಗೆ ಒಂದು ನೀತಿಯನ್ನೇ ಹೊರತಂದದ್ದು ೨೦೧೬ರಲ್ಲಿ. ದಲಿತರೊಬ್ಬರು, ಹೈದರಾಬಾದಿನ ಆಂಥೋನಿ ಪೂಲ, ಕಾರ್ಡಿನಲ್ ಆದದ್ದು ೨೦೨೨ರಲ್ಲಿ. ಒಪ್ಪಿಕೊಂಡದ್ದಕ್ಕೆ ಮೆಚ್ಚುತ್ತೇನೆ. ನಮ್ಮ ಮಠಗಳು ಅಷ್ಟನ್ನೂ ಮಾಡಿಲ್ಲ. ಆದರೆ ಎಷ್ಟು ಶತಮಾನ ಬೇಕಾಯಿತು ನೋಡಿ!

ಸರ್ಕಾರದ ಲೆಕ್ಕ ಇನ್ನೂ ವಿಚಿತ್ರ. ೧೯೫೦ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. ೧೯೫೬ರಲ್ಲಿ ಸಿಖ್ಖರನ್ನು, ೧೯೯೦ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತನನ್ನು ಸೇರಿಸಲಿಲ್ಲ. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರಿಗೆ, ಬೇರೆ ಚಮ್ಮಾರರಿಗೆಲ್ಲ ಸರ್ಕಾರ ಪುಕ್ಕಟೆ ಕೊಟ್ಟ ಗೂಡಂಗಡಿ ಸಿಗಲಿಲ್ಲ, ಕಾರಣ ಅವರು ಕ್ರೈಸ್ತರು. ಸುಪ್ರೀಂ ಕೋರ್ಟು ೧೯೮೫ರಲ್ಲಿ, ಮತ ಬದಲಾದ ಮೇಲೂ ಅದೇ ಕಷ್ಟ ಅದೇ ಕ್ರೌರ್ಯದಲ್ಲಿ ಉಳಿದಿದೆ ಎಂದು ತೋರಿಸಬೇಕು, ತೋರಿಸಿಲ್ಲ ಎಂದು ಅರ್ಜಿ ತಳ್ಳಿತು. ಅದೇ ಫುಟ್‌ಪಾತು, ಅದೇ ಉಳಿ, ಅದೇ ತೊಗಲು. ಇನ್ನೇನು ತೋರಿಸಬೇಕಿತ್ತು? ನಮ್ಮ ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಲ್ಲಿ ರಾಜಗೋಪಾಲ್ ಎಂಬುವರ ೧೯೬೭ರ ಗೆಲುವು, ಕ್ರೈಸ್ತನಾಗಿದ್ದವನು ಎಂಬ ಕಾರಣಕ್ಕೆ ಬಿದ್ದುಹೋಯಿತು. ೧೯೭೨ರ ಗೆಲುವು ಉಳಿಯಿತು. ಹಿಂದೂ ಧರ್ಮಕ್ಕೆ ಮರಳಿದವರನ್ನು ಆದಿದ್ರಾವಿಡ ಜನ ತಮ್ಮವರೆಂದು ಒಪ್ಪಿದ್ದಾರೆ ಎಂದು ೧೯೭೫ರಲ್ಲಿ ಕೋರ್ಟು ಹೇಳಿತು. ಮನುಷ್ಯ ಅವನೇ, ಕೇರಿ ಅದೇ.

ಇದರಿಂದಾಗಿ ನಮ್ಮ ದೊಡ್ಡಮ್ಮನ ಮಗಳಿಗೆ ಚರ್ಚಿನಲ್ಲಿ ಒಂದು ಹೆಸರು, ಸರ್ಟಿಫಿಕೇಟಿನಲ್ಲಿ ಒಂದು ಹೆಸರು. ಅವಳನ್ನು ಸುಳ್ಳುಗಾತಿ ಅನ್ನುವವರು ಮೊದಲು ಅವಳ ಎದುರು ಕೂತು ಒಂದು ಲೋಟ ನೀರು ಕುಡಿದು ಆಮೇಲೆ ಅನ್ನಲಿ.

ಕರ್ನಾಟಕದಲ್ಲಿ ೨೦೨೨ರಲ್ಲಿ ಬಂದ ಮತಾಂತರದ ಕಾನೂನು ‘ಆಮಿಷ’ ಎಂಬುದಕ್ಕೆ ಅರ್ಥ ಹೇಳುವಾಗ ಉದ್ಯೋಗವನ್ನೂ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದನ್ನೂ ಸೇರಿಸಿತ್ತು. ಹೆಂಗಸರನ್ನು, ಮಕ್ಕಳನ್ನು, ಪರಿಶಿಷ್ಟರನ್ನು ಮತಾಂತರಿಸಿದರೆ ಹೆಚ್ಚಿನ ಶಿಕ್ಷೆ. ಅಂದರೆ ಇವರಿಗೆಲ್ಲ ಸ್ವಂತ ಬುದ್ಧಿ ಇಲ್ಲ, ಬೆಲ್ಲ ತೋರಿಸಿದ ಕಡೆ ಹೋಗುವ ಇರುವೆಗಳು! ೨೦೨೩ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಕಾನೂನು ಬರೆದ ಮನಸ್ಸನ್ನು ಯಾವ ಸಂಪುಟ ಹಿಂಪಡೆಯುತ್ತೆ? ಶಾಲೆ ಕೊಡುವುದು ಆಮಿಷ ಅನ್ನುವವರು ಶಾಲೆ ಕೊಡದೇ ಇದ್ದದ್ದಕ್ಕೆ ಒಂದು ಕಲಮು ಬರೆಯಲಿಲ್ಲ.

೫

ಹಾಗಾದರೆ ನಂಬಿಕೆಯನ್ನು ಬದುಕುವುದು ಹೇಗೆ? ಇದನ್ನು ಕೇಳಲು ನಾನು ಯಾರು, ನಾನು ಕ್ರೈಸ್ತನಲ್ಲ. ಆದರೆ ಆ ನಂಬಿಕೆ ನಮ್ಮ ಕೇರಿಗೆ ಬಂದಿದೆ, ನಮ್ಮವರನ್ನು ಕರೆದಿದೆ. ಕೇಳುವ ಹಕ್ಕು ನಮಗಿದೆ.

ಬಾಬಾಸಾಹೇಬರು ಕೇಳಿದರು. ಕ್ರೈಸ್ತರ ಶಾಲೆ, ಆಸ್ಪತ್ರೆಗಳನ್ನು ಅವರು ಅಲ್ಲಗಳೆಯಲಿಲ್ಲ. ೧೯೩೮ರಲ್ಲಿ ಸೊಲ್ಲಾಪುರದ ಕ್ರೈಸ್ತರ ಮುಂದೆ ಮಾತಾಡುವಾಗ ಬುದ್ಧನ ಜೊತೆ ಕ್ರಿಸ್ತನನ್ನೂ ಗೌರವದಿಂದ ನೆನೆದರು. ಆದರೆ ಅವರ ಆಕ್ಷೇಪ ನೇರವಾಗಿತ್ತು: ಒಳಬಂದ ಅಸ್ಪೃಶ್ಯನಿಗೆ ಅವನ ಪಾಪದ ಬಗ್ಗೆ ಹೇಳಿದಿರಿ, ಅವನಿಗೆ ಆದ ಅನ್ಯಾಯದ ಬಗ್ಗೆ ಹೇಳಲಿಲ್ಲ; ಸಾಮಾಜಿಕ ಅನ್ಯಾಯದ ವಿರುದ್ಧ ನೀವು ಹೋರಾಡಲಿಲ್ಲ. ಉಪಕಾರ ಬೇರೆ, ಹೋರಾಟ ಬೇರೆ. ಕೊನೆಗೆ ೧೯೫೬ರಲ್ಲಿ ಅವರು ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರು.

ಆ ಮಾತು ಕೆಲವರಿಗಾದರೂ ತಾಗಿದೆ. ಸ್ಟ್ಯಾನ್ ಸ್ವಾಮಿ ಎಂಬ ಜೆಸ್ವಿಟ್ ಪಾದ್ರಿ ೧೯೭೫ರಿಂದ ೧೯೮೬ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಆಮೇಲೆ ಜಾರ್ಖಂಡಿಗೆ ಹೋದರು. ಅಲ್ಲಿ ಅನ್ನ ಹಂಚುತ್ತ ಕೂರಲಿಲ್ಲ. ಆದಿವಾಸಿಗಳ ನೆಲ ಯಾರ ಕೈಗೆ ಹೋಗುತ್ತಿದೆ ಅಂತ ಕೇಳಿದರು. ವಿಚಾರಣೆಯಾಗದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಪರ ಹೈಕೋರ್ಟಿಗೆ ಹೋದರು. ೨೦೨೦ರ ಅಕ್ಟೋಬರ್ ೮ರಂದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನು ಬಂಧಿಸಿದರು. ಪಾರ್ಕಿನ್ಸನ್ ರೋಗದಿಂದ ನಡುಗುವ ಕೈಗೆ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಕೊಳವೆ ಇರುವ ಲೋಟ ಕೊಡಿ ಎಂದು ಕೋರ್ಟನ್ನು ಕೇಳಬೇಕಾಯಿತು. ೨೦೨೧ರ ಜುಲೈ ೫ರಂದು, ೮೪ನೆಯ ವಯಸ್ಸಿನಲ್ಲಿ, ಜಾಮೀನು ಸಿಗದೆ ಸತ್ತರು. ಆಸ್ಪತ್ರೆ ಕಟ್ಟಿದ ಪಾದ್ರಿಗೆ ಈ ದೇಶ ಪ್ರತಿಮೆ ಮಾಡುತ್ತದೆ, ಕೋಶ ಬರೆದವರಿಗೂ ಮಾಡುತ್ತದೆ. ಯಾಕೆ ಇವರ ನೆಲ ಹೋಯಿತು ಅಂತ ಕೇಳಿದ ಪಾದ್ರಿಗೆ ಕೊಟ್ಟದ್ದು ಇದು. ಆದ್ದರಿಂದ ಸಭೆಯವರಿಗೆ ಹೇಳುವುದಿಷ್ಟೆ: ನಿಮ್ಮ ಸೇವೆಯನ್ನು ಎಲ್ಲರೂ ಹೊಗಳುತ್ತಿದ್ದರೆ ಒಂದು ಸಲ ಹಿಂತಿರುಗಿ ನೋಡಿಕೊಳ್ಳಿ.

ಹಾಗೆ ನೋಡಿಕೊಳ್ಳುವಾಗ ಸಮಾರ್ಯದವನ ಕಥೆಯನ್ನೂ ಮತ್ತೆ ಓದಿ. ದಾರಿಯಲ್ಲಿ ಬಡಿಸಿಕೊಂಡು ಬಿದ್ದವನನ್ನು ಪೂಜಾರಿ ನೋಡಿ ಆಚೆ ಹೋದ. ಸಮಾರ್ಯದವನು ಬಂದು ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರದವನಿಗೆ ದುಡ್ಡು ಕೊಟ್ಟ. ನಮ್ಮ ಸಭೆಗಳು ಈ ಕಥೆ ಹೇಳುವಾಗಲೆಲ್ಲ ದಾರಿಯಲ್ಲಿ ಬಿದ್ದವನು ಕೇರಿಯವನು, ಎತ್ತಿದವರು ತಾವು. ಆದರೆ ಯೆಹೂದ್ಯರ ಕಣ್ಣಿಗೆ ಸಮಾರ್ಯದವನು ಸೇರಿಸಬಾರದವನು, ಅವನ ಪಾತ್ರೆಯಲ್ಲಿ ನೀರು ಕುಡಿಯಬಾರದವನು. ಆ ಕಥೆಯಲ್ಲಿ ಉಪಕಾರ ಮಾಡಿದವನೇ ಕೇರಿಯವನು! ಇದನ್ನು ಯಾವ ಪ್ರಸಂಗದಲ್ಲೂ ನಾನು ಕೇಳಲಿಲ್ಲ.

ಈ ಲೇಖನ ಬರೆಯುವ ಮೊದಲು ಅಜ್ಜಿಯನ್ನು ಮತ್ತೆ ಕೇಳಿದೆ. ಆ ನರ್ಸಮ್ಮ ಬಿಳೀ ದೊರೆಸಾನಿಯಾ ಅಂದೆ. ಅಜ್ಜಿ ನಕ್ಕಳು. “ಎಲ್ ಬಂತ್ಲಾ ದೊರೆಸಾನಿ! ಕರ್ರಗೆ ನನ್ನಂಗೇ ಇದ್ಳು. ಮೂರ್ನೇ ದಿನ ನಾನೇ ಕೇಳ್ದೆ, ಯಾವೂರವ್ವ ಅಂತ. ನಮ್ ಸೀಮೇನೇ, ನಮ್ಮೋಳೇ. ಚಿಕ್ಕೋಳಿದ್ದಾಗ ಮಿಸನ್ನೋರು ಓದ್ಸುದ್ರಂತೆ. ‘ನನ್ ಕೈ ಯಾರೋ ಹಿಡುದ್ರಲ್ಲ ಅಕ್ಕ, ಅದ್ಕೇ ನಿನ್ ಕೈ ಹಿಡ್ದೆ’ ಅಂದ್ಳು.”

ಆ ಹತ್ತು ಅಂಕದ ಪ್ರಶ್ನೆ ಮುಂದಿನ ವರ್ಷವೂ ಬರುತ್ತೆ, ಅದಕ್ಕೆ ಉತ್ತರ ಬರೆಯುವ ಹುಡುಗರು ನಮ್ಮ ಕೇರಿಗಳಿಂದಲೂ ಬರುತ್ತಾರೆ. ಕೋಶವನ್ನು ಬರೆಯಿರಿ, ಪತ್ರಿಕೆಯನ್ನೂ ಬರೆಯಿರಿ, ಇಸವಿ ತಪ್ಪಬೇಡಿ. ಆಮೇಲೆ ಜಾಗ ಉಳಿದರೆ, ಉಳಿಯದಿದ್ದರೆ ಅಡಿಷನಲ್ ಶೀಟು ತಗೊಂಡಾದರೂ, ಆ ನರ್ಸಮ್ಮನನ್ನೂ ಬರೆಯಿರಿ. ಬೇಲಿ ಪಕ್ಕದ ನಮ್ಮ ದೊಡ್ಡಪ್ಪನ ಗುಂಡಿಯನ್ನೂ ಬರೆಯಿರಿ. ಅಂಕ ಎಷ್ಟು ಬರುತ್ತೋ ಬರಲಿ.